ಮಾರ್ಗಮಧ್ಯದಲ್ಲಿ ನಿಂತ ವಾಹನ



ತೀರ್ಥಹಳ್ಳಿಯ ಸೀಮೆಯಿಂದ ಶಿವಮೊಗ್ಗದ ಮಂಡಿಗೆ ಅಡಿಕೆಯ ಮೂಟೆಗಳನ್ನು ಹೊತ್ತು ಬರುವ ಪಿಕಪ್ ವಾಹನಗಳನ್ನು ಗಾಜನೂರಿನವರು ನಿತ್ಯವೂ ಕಾಣುತ್ತಾರೆ. ಮಂಡಗದ್ದೆ, ಸಕ್ರೆಬೈಲುಗಳನ್ನು ದಾಟಿ ತುಂಗೆಯ ಅಣೆಕಟ್ಟಿನ ಸಮೀಪಕ್ಕೆ ಬರುವಷ್ಟರಲ್ಲಿ ಅಂತಹದೊಂದು ವಾಹನದ ಎಂಜಿನ್ನು ಹಠಾತ್ತಾಗಿ ನಿಂತಿತೆಂದು ಭಾವಿಸೋಣ. ಮಂಡಿಯ ವೇಳೆ ಮೀರುತ್ತದೆ, ಧಣಿಯು ಕೋಪಿಸುತ್ತಾನೆ ಎಂಬ ಭಯವು ಚಾಲಕನನ್ನು ಆವರಿಸುತ್ತದೆ. ಅವನ ಶಿವನಿಷ್ಠೆಯ ಪರೀಕ್ಷೆ ನಡೆಯುವುದು ಆ ಕ್ಷಣದಲ್ಲಿಯೇ.

ಎಂಜಿನ್ನು ನಿಂತೊಡನೆ ಸ್ಟೇರಿಂಗೂ ಬ್ರೇಕೂ ಭಾರವಾಗುತ್ತವೆ. ಕೆಟ್ಟುಹೋದುವೆಂದು ಕೈಬಿಡಲಾಗದು, ಬಲವಾಗಿ ಹಿಡಿದು ರಸ್ತೆಯ ಅಂಚಿಗೆ ತರಬೇಕು. ಚಲಿಸುತ್ತಿರುವಾಗ ಕೀಲಿಯನ್ನು ಹೊರತೆಗೆದರೆ ಸ್ಟೇರಿಂಗ್ ಬಿಗಿದುಕೊಳ್ಳುವ ಅಪಾಯವುಂಟು. ನಿಂತ ಮೇಲೆ ಚಕ್ರಕ್ಕೆ ಕಲ್ಲು ಕೊಟ್ಟು, ಮಿನುಗುವ ದೀಪಗಳನ್ನು ಹಾಕಿ, ಹಿಂದೆ ದೂರದಲ್ಲಿ ಎಚ್ಚರಿಕೆಯ ತ್ರಿಕೋನವನ್ನಿಡಬೇಕು. ಆವಿ ಏಳುತ್ತಿದ್ದರೆ ರೇಡಿಯೇಟರಿನ ಮುಚ್ಚಳಕ್ಕೆ ಕೈಹಚ್ಚಬಾರದು. ಒತ್ತಡದಲ್ಲಿರುವ ಆ ನೀರು 100 ಡಿಗ್ರಿಯನ್ನು ಮೀರಿ ಕಾದಿದ್ದು, ಮುಚ್ಚಳ ಸಡಿಲಿದೊಡನೆ ಚಿಮ್ಮಿ ಮುಖವನ್ನು ಸುಡುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹವೇ ಬಿರಿಯಬಹುದು. ಡೀಸೆಲ್ ಮುಗಿದು ನಿಂತಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಅನೇಕ ವಾಹನಗಳಲ್ಲಿ ಕೈಪಂಪಿನಿಂದ ಆ ಗಾಳಿಯನ್ನು ಹೊರಡಿಸದೆ ಸೆಲ್ಫನ್ನು ತಿರುಗಿಸುತ್ತ ಕುಳಿತರೆ ಬ್ಯಾಟರಿ ಬರಿದಾದೀತೇ ಹೊರತು ಬೇರೆ ಫಲವಿಲ್ಲ.

ಮಠದ ಪತ್ರಿಕೆಯಲ್ಲಿ ಯಂತ್ರಶಾಸ್ತ್ರವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಅಂಬಿಗರ ಚೌಡಯ್ಯನವರು ದೋಣಿಯನ್ನು ಬಲ್ಲವರು. ವೈದ್ಯ ಸಂಗಣ್ಣನವರು ಔಷಧವನ್ನು ಬಲ್ಲವರು. ತನ್ನ ಕಾಯಕದ ಉಪಕರಣವನ್ನರಿಯದವನಿಗೆ ಕಾಯಕವೆಂಬ ಮಾತು ನಾಲಗೆಯ ಮೇಲಿನ ಅಲಂಕಾರ ಮಾತ್ರ. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದವರೇ ವಾಹನದ ಮುಂದೆ ನಿಂಬೆಹಣ್ಣು ಮೆಣಸಿನಕಾಯಿಗಳನ್ನು ಕಟ್ಟುತ್ತಾರೆ. ರೇಡಿಯೇಟರಿನಲ್ಲಿ ನೀರಿದೆಯೇ ಎಂದು ಮಾತ್ರ ತಿಂಗಳುಗಟ್ಟಲೆ ನೋಡುವುದಿಲ್ಲ. ಆಮೇಲೆ ಶಿವನಿಚ್ಛೆ ಎನ್ನುತ್ತಾರೆ! ಶಕುನವನ್ನು ಶರಣರು ಅಲ್ಲಗಳೆದರು. ನಮ್ಮ ಅಜಾಗ್ರತೆಯನ್ನು ಶಿವನ ಮೇಲೆ ಹೊರಿಸುವುದು ಭಕ್ತಿಯಲ್ಲ.

ನುಲಿಯ ಚಂದಯ್ಯನವರ ಕಥೆ ಸರ್ವವಿದಿತ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂದು ಸಂಪ್ರದಾಯವು ಹೇಳುತ್ತದೆ. ಇದನ್ನು ಕೇಳಿದ ಧಣಿಗಳು, ಏನಾದರೂ ಸರಿ, ಕೆಲಸ ನಿಲ್ಲಕೂಡದು ಎಂದು ಅರ್ಥಮಾಡಿಕೊಳ್ಳುವುದುಂಟು. ನನಗೆ ಅದು ಸಮ್ಮತವಲ್ಲ. ಚಂದಯ್ಯನವರು ಜಂಗಮದಾಸೋಹಕ್ಕಾಗಿ ದುಡಿದರು, ಇನ್ನೊಬ್ಬರ ಲಾಭದ ಆತುರಕ್ಕಾಗಿ ಅಲ್ಲ. ಕಾದ ಎಂಜಿನ್ನು ತಣಿಯುವವರೆಗೆ ವಾಹನದಿಂದ ಇಳಿದು, ರಸ್ತೆಯಿಂದ ದೂರ ಸರಿದು ಮೂಟೆಗಳನ್ನು ಕಾಯುತ್ತ ಕುಳಿತ ಚಾಲಕನೂ ಕಾಯಕದಲ್ಲಿಯೇ ಇರುವನು. ಅದು ಬಿಡುವಲ್ಲ.

ಅಸಹಾಯಕನಾಗಿ ನಿಂತವನ ವಾಹನವನ್ನು ಎಳೆದೊಯ್ಯಲು ಮೂರುಪಟ್ಟು ಹಣ ಕೇಳುವವರೂ ಉಂಟು. ಆಯ್ದಕ್ಕಿ ಲಕ್ಕಮ್ಮನವರು ಪತಿಯು ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಕಳುಹಿಸಿದರೆಂಬುದನ್ನು ಅಂಥವರು ಕೇಳಿಲ್ಲವೆ? ದಾರಿಹೋಕ ಭಕ್ತರು ಕ್ಷಣಕಾಲ ನಿಂತು, ಕುಡಿಯುವ ನೀರು ಕೊಟ್ಟು, ಹೆದ್ದಾರಿಯ ಸಹಾಯಕ್ಕೆ 1033ಕ್ಕೋ, ಪ್ರಾಣಾಪಾಯವಿದ್ದರೆ 112ಕ್ಕೋ ಕರೆಮಾಡಿದರೆ ಅದೂ ದಾಸೋಹವೇ.

ಇನ್ನು ಧಣಿಗಳಲ್ಲಿ ಒಂದು ವಿಜ್ಞಾಪನೆ. ಒಣಗಿದ ಅಡಿಕೆ ಒಂದು ದಿನ ತಡವಾದ ಮಾತ್ರಕ್ಕೆ ಕೆಡುವುದಿಲ್ಲ. ವಾಹನ ನಿಂತ ದಿನದ ಕೂಲಿಯನ್ನು ಮುರಿದುಕೊಂಡು, ಉಳಿಸಿದ ಹಣದಲ್ಲಿ ಮಠಕ್ಕೆ ಕಾಣಿಕೆ ತರಬೇಡಿ. ಚಾಲಕನ ಕೂಲಿಯನ್ನು ಆ ಸಂಜೆಯೇ ಅವನ ಕೈಯಲ್ಲಿಡಿರಿ.