ಅಜ್ಜಿಯ ಬೆರಳು, ಅಜ್ಜಿಯ ಗುಟ್ಟು

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹತ್ತಿರ ನನ್ನ ಅಜ್ಜಿ ಒಬ್ಬರೇ ಇದ್ದಾರೆ. ಭಾನುವಾರಗಳಂದು ನಾನು ಕೆ.ಆರ್. ಪುರದಿಂದ ಮೆಟ್ರೋದಲ್ಲಿ ಅಲ್ಲಿಗೆ ಹೋಗುತ್ತೇನೆ. ಕಾಫಿ ಮುಗಿದ ಕೂಡಲೇ ಅವರ ಫೋನು ನನ್ನ ಕೈಗೆ ಬರುತ್ತಿತ್ತು. ಕರೆಂಟ್ ಬಿಲ್ಲು, ಹಾಲಿನ ಲೆಕ್ಕ, ಔಷಧಿ ಅಂಗಡಿಯ ಬಾಕಿ ಎಲ್ಲವನ್ನೂ ನಾನೇ ಕಟ್ಟುತ್ತಿದ್ದೆ. ಸಂಧಿವಾತದಿಂದ ಅಜ್ಜಿಯ ಬೆರಳುಗಳ ಗೆಣ್ಣು ಊದಿ, ತುದಿ ಬಾಗಿವೆ. ಪಿನ್ ನಂಬರನ್ನು ಅವರು ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ.

ಒಂದು ಭಾನುವಾರ, ‘ಐನೂರು ರೂಪಾಯಿ ಕಳಿಸಬೇಕಿತ್ತು ಕಣೇ’ ಎಂದರು. ‘ಯಾರಿಗೆ ಅಜ್ಜಿ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೇಡ ಬಿಡು’ ಎಂದರು.

ಆ ‘ಬೇಡ ಬಿಡು’ ನನ್ನನ್ನು ವಾರವಿಡೀ ಬಿಡಲಿಲ್ಲ. ನನ್ನ ಪ್ರಶ್ನೆಯಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಹೆಸರು ಗೊತ್ತಿಲ್ಲದೆ ದುಡ್ಡು ಕಳಿಸುವುದಾದರೂ ಹೇಗೆ? ಆದರೆ ಹಿಂದೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಯಾರ ಕೈಗಾದರೂ ನೋಟು ತುರುಕಿದರೆ ಅದು ಅವರಿಬ್ಬರ ನಡುವಿನ ವಿಷಯವಾಗಿತ್ತು. ಈಗ ಅವರು ಕೊಡುವ ಪ್ರತಿ ಪೈಸೆಗೂ ನಾನೊಬ್ಬಳು ಸಾಕ್ಷಿ. ಬೆರಳಿನ ಚುರುಕಿನ ಜೊತೆಗೆ ಗುಟ್ಟನ್ನು ಇಟ್ಟುಕೊಳ್ಳುವ ಶಕ್ತಿಯೂ ಹೋಗಿತ್ತು.

ವಿಚಿತ್ರವೆಂದರೆ ಇಂದಿನ ಪರದೆಗೆ ಬಲವೇ ಬೇಕಿಲ್ಲ. ಗಾಜಿನಡಿಯ ಸಣ್ಣ ವಿದ್ಯುತ್ ಕ್ಷೇತ್ರದಲ್ಲಿ ಚರ್ಮ ತಾಕಿದಾಗ ಆಗುವ ವ್ಯತ್ಯಾಸವನ್ನು ಅದು ಗುರುತಿಸುತ್ತದೆ. ಬಾಗಿದ ಬೆರಳಲ್ಲಿ ಮೊದಲು ತಾಕುವುದು ಉಗುರು. ಉಗುರನ್ನು ಪರದೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೈ ತುಸು ನಡುಗಿದರೆ ಒಂದು ಅಂಕಿ ಎರಡಾಗುತ್ತದೆ.

ಶಿವಾಜಿನಗರದ ಮೊಬೈಲ್ ಅಂಗಡಿಯೊಂದರಲ್ಲಿ ರಬ್ಬರ್ ತುದಿಯ ಸ್ಟೈಲಸ್ ಕಡ್ಡಿ ಕೊಂಡೆ. ಅದು ತೀರಾ ತೆಳ್ಳಗಿತ್ತು. ಸಣ್ಣದನ್ನು ಚಿವುಟಿ ಹಿಡಿಯುವುದೇ ಅಜ್ಜಿಗೆ ಹೆಚ್ಚು ನೋವು. ಹಿಡಿಕೆಗೆ ಸ್ಪಂಜು ಸುತ್ತಿಕೊಟ್ಟೆ, ಪರದೆ ಮಿಸುಕಲಿಲ್ಲ. ಕೈಗೂ ಕಡ್ಡಿಯ ಲೋಹಕ್ಕೂ ಇದ್ದ ಸಂಪರ್ಕವನ್ನು ಸ್ಪಂಜು ತಪ್ಪಿಸಿತ್ತು. ಅದರ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಅಂಚು ಲೋಹಕ್ಕೆ ತಾಗುವಂತೆ ಮಾಡಿದಾಗ ಕೆಲಸ ಮಾಡಿತು. ಒಂದೇ ಜಾಗಕ್ಕೆ ಮತ್ತೆ ಮತ್ತೆ ತಾಕಿದರೆ ಲೆಕ್ಕಿಸದಂತೆ ಫೋನಿನ ಸೆಟ್ಟಿಂಗನ್ನೂ ಬದಲಿಸಿದೆ.

1990ರಲ್ಲಿ ಅಮೆರಿಕದ ಸ್ಯಾಮ್ ಫಾರ್ಬರ್, ಸಂಧಿವಾತವಿದ್ದ ಹೆಂಡತಿ ಸಿಪ್ಪೆ ಹೆರೆಯಲು ಪಡುತ್ತಿದ್ದ ಪಾಡು ನೋಡಿ, ದಪ್ಪ ಹಿಡಿಕೆಯ ಆಕ್ಸೋ ಅಡುಗೆ ಸಲಕರಣೆಗಳನ್ನು ಮಾರುಕಟ್ಟೆಗೆ ತಂದರು. ನೋವಿಲ್ಲದವರೂ ಅವನ್ನು ಕೊಂಡರು. ತಪ್ಪು ಕೈಯಲ್ಲಿಲ್ಲ, ಹಿಡಿಕೆಯಲ್ಲಿದೆ ಎಂದು ಒಬ್ಬರು ಒಪ್ಪಿಕೊಂಡದ್ದರ ಫಲ ಅದು.

‘ವಯಸ್ಸಾದವರ ಕೈಗೆ ಎಲ್ಲ ಕೊಟ್ಟುಬಿಟ್ಟರೆ ಯಾರಾದರೂ ಮೋಸ ಮಾಡಿದರೆ?’ ಎಂದು ನನ್ನ ಮಾವ ಕೇಳಿದರು. ಈ ಭಯ ಸುಳ್ಳಲ್ಲ. ಓಟಿಪಿ ಕೇಳಿ ದುಡ್ಡು ದೋಚುವವರು ದಿನವೂ ಫೋನ್ ಮಾಡುತ್ತಾರೆ. ಆದರೆ ನನಗೂ ಮಾವನಿಗೂ ಅದೇ ಕರೆಗಳು ಬರುತ್ತವೆ, ನಮ್ಮ ಪಿನ್ನನ್ನು ಯಾರೂ ಕೇಳುವುದಿಲ್ಲ. ಕಾಳಜಿ ನನಗೆ ಎಚ್ಚರಿಸುವ ಹಕ್ಕು ಕೊಡಬಹುದು, ಕಾವಲು ಕೂರುವ ಹಕ್ಕನ್ನಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ತೀರ್ಪಿನ ಹಿಂದೆ ಇದ್ದದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ ಹೂಡಿದ ಅರ್ಜಿ. ಗುಟ್ಟು ಪ್ರಾಯದವರ ಸೊತ್ತೇನಲ್ಲ.

ಹಾಗೆಂದು ಯಾರ ಹಂಗೂ ಇಲ್ಲದೆ ಬದುಕುವುದೇ ದೊಡ್ಡದು ಎಂದು ನಾನು ಹೇಳಲಾರೆ. ಅಜ್ಜಿಯ ಜಡೆ ಹಾಕುವುದು ಈಗಲೂ ನಾನೇ, ಅದು ಇಬ್ಬರಿಗೂ ಇಷ್ಟ. ಬೇಡ ಎನ್ನಲು ಸಾಧ್ಯವಿದ್ದಾಗ ಮಾತ್ರ ಸಹಾಯ ಸಹಾಯವಾಗಿರುತ್ತದೆ, ಇಲ್ಲದಿದ್ದರೆ ಅದೂ ಒಂದು ಬಗೆಯ ಅಧಿಕಾರ. ಇದನ್ನು ಒಪ್ಪುವುದು ನನಗೆ ಸುಲಭವಾಗಲಿಲ್ಲ. ಫೋನು ನನ್ನ ಕೈಗೆ ಬರದ ಮೊದಲ ಭಾನುವಾರ ನನಗೆ ಸಣ್ಣ ಬೇಸರವೇ ಆಯಿತು.

ಈಗ ಅಜ್ಜಿ ಬೆಳ್ಳಿಬಣ್ಣದ ಆ ದಪ್ಪ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಒಂದೊಂದೇ ಅಂಕಿ ಒತ್ತುತ್ತಾರೆ. ಅಷ್ಟು ಹೊತ್ತು ನಾನು ಕಿಟಕಿಯ ಕಡೆ ನೋಡುತ್ತೇನೆ. ಆ ಐನೂರು ರೂಪಾಯಿ ಯಾರಿಗೆ ಹೋಯಿತೋ ನನಗೆ ಇಂದಿಗೂ ಗೊತ್ತಿಲ್ಲ.