‘ಹೊರಗೆ’ ಎಂಬುದು ಎಲ್ಲಿದೆ?

ಮುಂಜಾನೆ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗವಲ್ಲಿ ಇಟ್ಟವರನ್ನು ‘ಕಸವನ್ನೇನು ಮಾಡಿದಿರಿ?’ ಎಂದು ಕೇಳಿ ನೋಡಿರಿ. ಉತ್ತರ ಒಂದೇ: ‘ಹೊರಗೆ ಹಾಕಿದೆವು.’ ಈ ಮಾತಿನ ಅರ್ಥವನ್ನು ನಾವು ಎಂದೂ ಪರಾಮರ್ಶಿಸಿದವರಲ್ಲ. ಹೊಸ್ತಿಲಿನ ಈಚೆಗಿರುವುದು ಮನೆ, ಆಚೆಗಿರುವುದು ಹೊರಗು. ಆ ಹೊರಗೂ ಯಾರದೋ ಮನೆಯ ಅಂಗಳವಾಗಿದ್ದರೆ?

ಬೆಂಗಳೂರಿನ ಪೂರ್ವಕ್ಕೆ ಮಂಡೂರು ಎಂಬ ಗ್ರಾಮವಿದೆ. ನಗರದ ಕಸವನ್ನು ಲಾರಿಗಳಲ್ಲಿ ತಂದು ಅಲ್ಲಿ ಸುರಿಯುತ್ತಿದ್ದರು. 2012ರಲ್ಲಿ ಮಾವಳ್ಳಿಪುರದ ಕಸದ ನೆಲೆ ಮುಚ್ಚಿದಾಗ ಮಂಡೂರಿನ ಹೊರೆ ಇನ್ನಷ್ಟು ಹೆಚ್ಚಿತು. ನೀರು ಕೆಟ್ಟಿತೆಂದು, ನೊಣ ದುರ್ನಾತಗಳಲ್ಲಿ ಬಾಳಲಾಗದೆಂದು ಗ್ರಾಮಸ್ಥರು ಮತ್ತೆ ಮತ್ತೆ ರಸ್ತೆಗಿಳಿದ ಮೇಲೆ, 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ನಗರದ ಸಾವಿರಾರು ಶುಭ್ರವಾದ ಅಂಗಳಗಳ ‘ಹೊರಗು’ ಅಷ್ಟು ಕಾಲ ಆ ಜನರ ‘ಒಳಗು’ ಆಗಿತ್ತು.

ನಮ್ಮ ಹಿರಿಯರಿಗೆ ಈ ಪ್ರಶ್ನೆ ಇಷ್ಟಾಗಿ ಏಳಲಿಲ್ಲ. ಸಗಣಿ, ಬೂದಿ, ಸಿಪ್ಪೆ, ಎಂಜಲೆಲೆ ಎಲ್ಲವೂ ಹಿತ್ತಿಲ ತಿಪ್ಪೆಗೆ ಸೇರಿ, ಮುಂಗಾರಿಗೆ ಮುನ್ನ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ಅವರು ನಮಗಿಂತ ಪುಣ್ಯವಂತರೆಂದು ಹೊಗಳಬೇಕಾಗಿಲ್ಲ. ಕೊಳೆಯದ ವಸ್ತು ಅವರ ಮನೆಯಲ್ಲಿ ವಿರಳವಾಗಿತ್ತು, ಅಷ್ಟೆ. ಇಂದು ಸಿಪ್ಪೆಯ ಜೊತೆಗೆ ಹಾಲಿನ ಪ್ಲಾಸ್ಟಿಕ್ ಚೀಲ, ಬ್ಯಾಟರಿ, ಒಡೆದ ಬಲ್ಬು, ಕ್ಷೌರದ ಬ್ಲೇಡು ಇವೆಲ್ಲ ಒಂದೇ ಗಂಟಿನಲ್ಲಿ ಹೋಗುತ್ತವೆ. ಹಸಿ, ಒಣ, ಅಪಾಯಕರ ಎಂದು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ಕೇಂದ್ರ ನಿಯಮಗಳೇ ವಿಧಿಸಿದವು. ವಿಧಿಸಿದ್ದೇನೋ ಸರಿ, ಪಾಲಿಸಿದವರೆಷ್ಟು?

‘ದೊಡ್ಡ ಹೋಟೆಲುಗಳೂ ಕಾರ್ಖಾನೆಗಳೂ ರಾಶಿ ಹಾಕುತ್ತಿರುವಾಗ ನನ್ನ ಬಾಳೆಸಿಪ್ಪೆಯಿಂದೇನು?’ ಎಂದು ತಾವು ಕೇಳಬಹುದು. ತೂಕದ ಲೆಕ್ಕದಲ್ಲಿ ಈ ಆಕ್ಷೇಪಣೆ ಸರಿಯೇ. ಆದರೆ ಪ್ರಶ್ನೆ ತೂಕದ್ದಲ್ಲ, ಕೈಯದು. ನಾವು ಬೇರ್ಪಡಿಸದಿದ್ದುದನ್ನು ಮತ್ತೊಬ್ಬರು ಬರಿಗೈಯಲ್ಲಿ ಬೇರ್ಪಡಿಸುತ್ತಾರೆ. ಅನ್ನದಲ್ಲಿ ನೆನೆದ ಕಾಗದ ಅವರಿಗೆ ಮಾರಲು ಬಾರದು. ಸಾರಿನ ಚರಟದೊಳಗಿನ ಗಾಜಿನ ಚೂರು ಅವರ ಕಣ್ಣಿಗೆ ಬೀಳದು. ಬ್ಲೇಡನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ ಗುರುತು ಹಾಕಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ಉಳಿಸಿಕೊಂಡು ಇನ್ನೊಬ್ಬರ ಬೆರಳನ್ನು ಕೊಯ್ಯುವುದು ಯಾವ ಶುಚಿತ್ವ? ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಭೆಯಲ್ಲಿ ತಲೆದೂಗುವ ನಾವು ಪೌರಕಾರ್ಮಿಕರ ಕಾಯಕಕ್ಕೆ ಕೊಡುವ ಗೌರವ ಈ ಗಂಟಿನಲ್ಲಿಯೇ ಕಾಣುತ್ತದೆ.

ಹಸಿಕಸವನ್ನು ಮನೆಯಲ್ಲಿಯೇ ಗೊಬ್ಬರ ಮಾಡುವುದು ಕಷ್ಟವೇನಲ್ಲ. ತೂತುಗಳಿರುವ ಮಣ್ಣಿನ ಮಡಕೆ, ತಳಕ್ಕೆ ತರಗೆಲೆ, ಪ್ರತಿದಿನದ ಸಿಪ್ಪೆಯ ಮೇಲೆ ಮತ್ತೊಂದು ಪದರ ತರಗೆಲೆ, ಆಗಾಗ ಸ್ವಲ್ಪ ಹುಳಿಮಜ್ಜಿಗೆ. ನನ್ನ ಮೊದಲ ಮಡಕೆ ನೆರೆಹೊರೆಯವರೂ ಮೂಗು ಮುಚ್ಚುವಂತೆ ನಾರಿತು. ಉಳಿದ ಸಾರನ್ನೆಲ್ಲ ಅದಕ್ಕೆ ಸುರಿದಿದ್ದೆ. ತೇವ ಹೆಚ್ಚಾಗಿ ಗಾಳಿ ಆಡದಿದ್ದರೆ ಕಸ ಕೊಳೆತು ನಾರುತ್ತದೆ. ಒಣ ಎಲೆ ಸೇರಿಸಿ ಕೋಲಿನಿಂದ ಕೆದಕಿದ ಮೇಲೆ ವಾಸನೆ ಇಳಿಯಿತು. ಎರಡು ಮೂರು ತಿಂಗಳಲ್ಲಿ ಮಳೆ ಬಿದ್ದ ನೆಲದಂತಹ ಪರಿಮಳದ ಕಪ್ಪು ಗೊಬ್ಬರ ಕೈಗೆ ಬಂದಿತು.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಇಂತಹ ಲೇಖನವನ್ನೋದಿ ಉತ್ಸಾಹಗೊಂಡ ಗೃಹಸ್ಥನು ಮಡಕೆ ಕೊಂಡು ತರುತ್ತಾನೆ. ಅದನ್ನು ಕೆದಕುವವಳು ಮಾತ್ರ ಹೆಂಡತಿ ಅಥವಾ ಸೊಸೆ. ಅಲ್ಲಿಗೆ ಭಾರ ಊರಾಚೆಯ ಹೆಗಲಿನಿಂದ ಒಳಮನೆಯ ಹೆಗಲಿಗೆ ಜಾರಿತು, ಅಷ್ಟೆ. ಮಠದ ಪ್ರಸಾದನಿಲಯದಲ್ಲಿ ಓದಿ ಬಂದ ತಮಗೆ ನೆನಪಿರಬೇಕು: ಉಂಡ ತಟ್ಟೆಯನ್ನು ತಾವೇ ತೊಳೆದಿಡುತ್ತಿದ್ದಿರಿ, ತಟ್ಟೆಯಲ್ಲಿ ಅಗುಳು ಉಳಿಸಲು ಸಂಕೋಚಪಡುತ್ತಿದ್ದಿರಿ. ಆ ಕೈ ಮದುವೆಯಾದ ಮರುದಿನ ಏಕೆ ಮರೆಯಿತು? ಇಂದು ರಾತ್ರಿ ಊಟವಾದ ಮೇಲೆ ತಟ್ಟೆಯೆತ್ತಿಕೊಂಡು ತಾವೇ ಒಳಗೆ ಹೋಗಿರಿ. ಸಿಪ್ಪೆ ಎಲ್ಲಿ ಬೀಳುತ್ತದೆ, ಹಾಲಿನ ಚೀಲವನ್ನು ತೊಳೆದು ಒಣಗಿಸುವವರು ಯಾರು ಎಂದು ಒಮ್ಮೆ ನೋಡಿ ಬನ್ನಿರಿ.