ಹಳದಿ ಪತ್ರವೂ ಆಪದ್ಧರ್ಮವೂ

ದೇಶಾಂತರಕ್ಕೆ ಹೋಗಿ ಬರುವವನು ಇಂದಿನ ಕಾಲದಲ್ಲಿ ಎರಡು ಬಗೆಯ ಪತ್ರಗಳನ್ನು ಕೈಯಲ್ಲಿ ಹಿಡಿದಿರಬೇಕಾಗುತ್ತದೆ. ಒಂದು, ರಹದಾರಿ ಮತ್ತು ಅದರ ಮೇಲೆ ಒತ್ತಿದ ವೀಸಾ. ನೀನು ಯಾರು, ಯಾವ ಸೀಮೆಯವನು, ಯಾವ ಕಾರ್ಯಕ್ಕಾಗಿ ಬಂದೆ ಎಂದು ಅದು ಕೇಳುತ್ತದೆ. ಮತ್ತೊಂದು, ಹಳದಿ ಬಣ್ಣದ ಚಿಕ್ಕ ಪುಸ್ತಿಕೆ. ಹಳದಿ ಜ್ವರಕ್ಕೆ ಚುಚ್ಚುಮದ್ದು ಹಾಕಿಸಿಕೊಂಡಿರುವುದಕ್ಕೆ ಅದು ಸಾಕ್ಷಿ. ನಿನಗೇ ತಿಳಿಯದಂತೆ ನೀನು ಏನನ್ನು ಹೊತ್ತು ತಂದಿರಬಹುದು ಎಂದು ಅದು ಕೇಳುತ್ತದೆ. ಮೊದಲನೆಯ ಪ್ರಶ್ನೆಗೆ ಸತ್ಯವಂತನಾದವನು ತನ್ನ ಬಾಯಿಂದಲೇ ಉತ್ತರ ಹೇಳಬಲ್ಲನು. ಎರಡನೆಯದಕ್ಕೆ ಎಂತಹ ಸತ್ಯವಂತನೂ ತನ್ನ ಮನಸ್ಸನ್ನು ಕೇಳಿಕೊಂಡು ಉತ್ತರ ಹೇಳಲಾರನು. ಈ ಎರಡನೆಯ ಪತ್ರದಲ್ಲಿ ಅಡಗಿರುವ ಧರ್ಮಸೂಕ್ಷ್ಮವು ವಿಚಾರಕ್ಕೆ ಯೋಗ್ಯವಾದುದು.

ಹಳದಿ ಜ್ವರವು ಆಫ್ರಿಕಾ ಖಂಡದ ಅನೇಕ ದೇಶಗಳಲ್ಲಿಯೂ ದಕ್ಷಿಣ ಅಮೆರಿಕದ ಕೆಲವು ದೇಶಗಳಲ್ಲಿಯೂ ನೆಲೆಸಿರುವ ರೋಗ. ಅದನ್ನು ಹರಡುವುದು ಸೊಳ್ಳೆ. ಕ್ಯೂಬಾದ ವೈದ್ಯನಾದ ಕಾರ್ಲೋಸ್ ಫಿನ್ಲೇ 1881ರಲ್ಲಿಯೇ ಇದನ್ನು ಊಹಿಸಿ ಹೇಳಿದನು. 1900ರಲ್ಲಿ ವಾಲ್ಟರ್ ರೀಡ್ ಮೊದಲಾದವರು ಹವಾನಾದಲ್ಲಿ ಪರೀಕ್ಷೆಗಳಿಂದ ಅದನ್ನು ಸ್ಥಾಪಿಸಿದರು. ಆ ಪರೀಕ್ಷೆಗಳ ಕಾಲದಲ್ಲಿಯೇ ಅವರ ಸಂಗಡಿಗನಾದ ಜೆಸ್ಸಿ ಲಾಜಿಯರ್ ಎಂಬ ವೈದ್ಯನು ಅದೇ ಜ್ವರದಿಂದ ತೀರಿಕೊಂಡನು. ಮ್ಯಾಕ್ಸ್ ಥೈಲರ್ ಎಂಬ ವಿಜ್ಞಾನಿಯು 1937ರ ಸುಮಾರಿಗೆ ಸಿದ್ಧಪಡಿಸಿದ ಮದ್ದೇ ಇಂದಿಗೂ ಬಳಕೆಯಲ್ಲಿದೆ. ಒಮ್ಮೆ ಚುಚ್ಚಿಸಿಕೊಂಡರೆ ಹತ್ತು ದಿನಗಳ ತರುವಾಯ ಪತ್ರಕ್ಕೆ ಬಲ ಬರುತ್ತದೆ. ಮೊದಲು ಹತ್ತು ವರ್ಷಗಳಿಗೆ ಮಾತ್ರ ಸಲ್ಲುತ್ತಿದ್ದ ಆ ಪತ್ರವು 2016ರ ಜುಲೈ 11ರಿಂದ ಜೀವಮಾನವಿಡೀ ಸಲ್ಲುತ್ತದೆ.

ಭಾರತದಲ್ಲಿ ಈ ಜ್ವರವು ಬೇರೂರಿದ್ದಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆಯು ಇಲ್ಲಿ ಹೇರಳವಾಗಿದೆ. ಡೆಂಗೆ ಜ್ವರವನ್ನು ಮನೆಮನೆಗೆ ತರುವ ಈಡಿಸ್ ಎಂಬ ಸೊಳ್ಳೆಯೇ ಅದು. ಕಟ್ಟಿಗೆಯೂ ಗಾಳಿಯೂ ಸಿದ್ಧವಾಗಿವೆ, ಕಿಡಿಯೊಂದು ಬಂದಿಲ್ಲ. ನಮ್ಮ ದೇಶದ ಸ್ಥಿತಿ ಇಂತಹುದು. ಆದುದರಿಂದಲೇ ನಮ್ಮ ಸರ್ಕಾರದ ನಿಯಮವು ಕಠಿಣವಾಗಿದೆ. ಆ ಜ್ವರದ ದೇಶವನ್ನು ಬಿಟ್ಟು ಆರು ದಿನಗಳೊಳಗೆ ಭಾರತವನ್ನು ಮುಟ್ಟಿದವನು ಪತ್ರವನ್ನು ತೋರಿಸಬೇಕು. ಇಲ್ಲವಾದರೆ ಆರು ದಿನಗಳು ತುಂಬುವವರೆಗೆ ಪ್ರತ್ಯೇಕವಾಗಿರಬೇಕು. ಆರು ದಿನ ಎಂಬುದು ಯಾರದೋ ಇಷ್ಟದ ಲೆಕ್ಕವಲ್ಲ. ರೋಗವು ದೇಹವನ್ನು ಹೊಕ್ಕ ಮೇಲೆ ಹೊರಗೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ದಿನಗಳು ಹಿಡಿಯುತ್ತವೆ.

ಆ ದೇಶದಲ್ಲಿ ವಾಸಮಾಡದೆ, ವಿಮಾನ ಬದಲಾಯಿಸುವುದಕ್ಕಾಗಿ ಮಾತ್ರ ಇಳಿದವನ ಗತಿಯೇನು? ಇಥಿಯೋಪಿಯದ ವಿಮಾನಸಂಸ್ಥೆಯು 2019ರಲ್ಲಿ ಅಡಿಸ್ ಅಬಾಬದಿಂದ ಬೆಂಗಳೂರಿಗೆ ಸಂಚಾರವನ್ನು ಆರಂಭಿಸಿದಂದಿನಿಂದ ಯಲಹಂಕ, ಹೆಬ್ಬಾಳಗಳ ಮನೆಗಳಲ್ಲಿಯೂ ಈ ಪ್ರಶ್ನೆಗೆ ಎಡೆಯಾಯಿತು. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನಿಂದ ಮರಳುವ ಮಗನಿಗೆ ಆ ದೇಶದ ಕಾರಣದಿಂದ ಪತ್ರ ಬೇಕಿಲ್ಲ. ಆದರೆ ನಡುವೆ ಅಡಿಸ್ ಅಬಾಬದಲ್ಲಿ ಇಳಿದುದರಿಂದ ಪ್ರಶ್ನೆ ಏಳುತ್ತದೆ. ನಿಲ್ದಾಣದ ಆವರಣವನ್ನು ದಾಟಲಿಲ್ಲವೆಂದು ಇಲ್ಲಿಯ ಆರೋಗ್ಯಾಧಿಕಾರಿಗೆ ನಂಬಿಕೆಯಾದರೆ ವಿನಾಯಿತಿಯುಂಟು. ವೀಸಾ ಪಡೆದು ಊರೊಳಗೆ ಹೋಗಿ ಒಂದು ರಾತ್ರಿ ಮಲಗಿದ್ದರೆ ಇಲ್ಲ. ದಕ್ಷಿಣ ಆಫ್ರಿಕದವರೂ ತಮ್ಮಲ್ಲಿಗೆ ಬರುವವನು ಇಂತಹ ದೇಶದ ನಿಲ್ದಾಣದಲ್ಲಿ ಹನ್ನೆರಡು ಗಂಟೆಗಳಿಗಿಂತ ಹೆಚ್ಚು ಕಾಲ ಕಳೆದಿದ್ದರೆ ಪತ್ರವನ್ನು ಕೇಳುತ್ತಾರೆ. ದಾರಿಗನ ಉದ್ದೇಶವೇನು, ಶೀಲವೆಂತಹುದು ಎಂಬುದನ್ನು ಯಾರೂ ಕೇಳುವುದಿಲ್ಲ. ಅವನ ದೇಹವು ಎಲ್ಲಿ, ಎಷ್ಟು ಹೊತ್ತು ಇತ್ತೆಂಬುದೇ ಮುಖ್ಯ.

ಇದು ಅನೇಕರಿಗೆ ಅವಮಾನವೆಂದು ತೋರುತ್ತದೆ. ಸದಾಚಾರಿಯಾದ ಗೃಹಸ್ಥನನ್ನು ನಿಲ್ಲಿಸಿ ನಿನ್ನಲ್ಲಿ ವಿಷವಿರಬಹುದೆಂದು ಶಂಕಿಸುವುದು ನ್ಯಾಯವೇ ಎಂದು ಅವರು ಕೇಳುತ್ತಾರೆ. ಆದರೆ ನಮ್ಮ ಪೂರ್ವಿಕರು ಬುದ್ಧಿಪೂರ್ವಕವಾಗಿ ಮಾಡಿದ ದೋಷವನ್ನೂ ಅರಿಯದೆ ಆದ ದೋಷವನ್ನೂ ಬೇರೆಬೇರೆಯಾಗಿ ಎಣಿಸಿದರೇ ಹೊರತು, ಅರಿಯದೆ ಆದುದು ದೋಷವೇ ಅಲ್ಲವೆಂದು ಹೇಳಲಿಲ್ಲ. ಅದಕ್ಕೂ ಪ್ರಾಯಶ್ಚಿತ್ತವನ್ನು ವಿಧಿಸಿದರು. ಕಾಲಡಿಯಲ್ಲಿ ಹುಳು ಸತ್ತಿತೆಂದು ಜೈನಯತಿಯು ನೆಲವನ್ನು ಗುಡಿಸಿಕೊಂಡು ನಡೆಯುವುದು ತನ್ನ ಮನಸ್ಸು ಕೆಟ್ಟದೆಂದಲ್ಲ, ಕಾಲಿಗೆ ಕಣ್ಣಿಲ್ಲವೆಂದು. ಭಾವಶುದ್ಧಿಯು ದೊಡ್ಡದು, ನಿಜ. ಆದರೆ ಸೊಳ್ಳೆಯು ಭಾವವನ್ನು ನೋಡಿ ಕಚ್ಚುವುದಿಲ್ಲ. ಆದುದರಿಂದ ಪತ್ರವನ್ನು ಕೇಳುವುದು ಶೀಲದ ಮೇಲೆ ಹೊರಿಸಿದ ಅಪವಾದವಲ್ಲ. ಕಣ್ಣಿಗೆ ಕಾಣದ ನೆರೆಯವನ ವಿಷಯದಲ್ಲಿ ಎಲ್ಲರೂ ಸಮನಾಗಿ ಹೊರಬೇಕಾದ ಭಾರವದು.

ಇಷ್ಟನ್ನು ಒಪ್ಪುವುದು ಸುಲಭ. ಆದರೆ ಧರ್ಮದ ಪರೀಕ್ಷೆಯಾಗುವುದು ಆಪತ್ತಿನಲ್ಲಿ. ಅಂತಹ ಪರೀಕ್ಷೆಯೊಂದು ಬೆಂಗಳೂರಿನ ಉತ್ತರಕ್ಕಿರುವ ದೇವನಹಳ್ಳಿಯ ಕೆಂಪೇಗೌಡ ವಿಮಾನನಿಲ್ದಾಣದಲ್ಲಿ 2023ರಲ್ಲಿ ನಡೆಯಿತು. ಆ ವರ್ಷದ ಏಪ್ರಿಲ್ 15ರಂದು ಸೂಡಾನ್ ದೇಶದಲ್ಲಿ ಎರಡು ಸೇನೆಗಳ ನಡುವೆ ಯುದ್ಧ ಹೊತ್ತಿಕೊಂಡಿತು. ಅಲ್ಲಿ ಸಿಕ್ಕಿಕೊಂಡವರಲ್ಲಿ ನಮ್ಮ ಹಕ್ಕಿಪಿಕ್ಕಿ ಜನರು ಅನೇಕರಿದ್ದರು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಮೊದಲಾದ ಊರುಗಳಲ್ಲಿ ನೆಲೆನಿಂತು, ಮನೆಯಲ್ಲಿ ವಾಗ್ರಿ ಭಾಷೆಯನ್ನೂ ಹೊರಗೆ ಕನ್ನಡವನ್ನೂ ಆಡುವ ಈ ಜನರು, ಬೇಟೆಯ ವೃತ್ತಿ ತಪ್ಪಿದ ಮೇಲೆ ಗಿಡಮೂಲಿಕೆಯ ಎಣ್ಣೆ, ಔಷಧಿಗಳನ್ನು ಮಾರುತ್ತ ಆಫ್ರಿಕಾದವರೆಗೂ ಹೋಗಿದ್ದರು. ಭಾರತ ಸರ್ಕಾರವು ಕಾವೇರಿಯ ಹೆಸರಿಟ್ಟ ಕಾರ್ಯಾಚರಣೆಯೊಂದನ್ನು ನಡೆಸಿ, ಪೋರ್ಟ್ ಸೂಡಾನಿನಿಂದ ಹಡಗು ವಿಮಾನಗಳಲ್ಲಿ ಜನರನ್ನು ಜೆಡ್ಡಾಕ್ಕೆ ಸಾಗಿಸಿ, ಅಲ್ಲಿಂದ ಸ್ವದೇಶಕ್ಕೆ ಕರೆತಂದಿತು. ಏಪ್ರಿಲ್ 28ರಂದು 362 ಮಂದಿ ಬೆಂಗಳೂರಿಗೆ ಬಂದಿಳಿದರು. ಅವರಲ್ಲಿ ಬಹುಮಂದಿ ಹಕ್ಕಿಪಿಕ್ಕಿಗಳು.

ಗುಂಡಿನ ಸದ್ದಿನಿಂದ ಪಾರಾಗಿ ಬಂದವರನ್ನು ಇಲ್ಲಿ ಹಳದಿ ಪತ್ರವು ಎದುರುಗೊಂಡಿತು. ಪತ್ರವಿಲ್ಲದವರನ್ನು ತಡೆದು ಪ್ರತ್ಯೇಕವಾಗಿರಿಸಿದರು. ದೇಶದ ಬೇರೆ ನಿಲ್ದಾಣಗಳಲ್ಲಿಯೂ ಇದೇ ಕ್ರಮ ನಡೆಯಿತು. ಆ ತಿಂಗಳ ಕೊನೆಗೆ ಮರಳಿದ್ದ 1,191 ಮಂದಿಯಲ್ಲಿ 117 ಮಂದಿಯನ್ನು ಹೀಗೆ ಇರಿಸಿರುವುದಾಗಿ ಆರೋಗ್ಯ ಮಂತ್ರಾಲಯವು ತಿಳಿಸಿತು.

ಇಲ್ಲಿ ಪೂರ್ವಪಕ್ಷವು ಬಲವಾಗಿಯೇ ಏಳುತ್ತದೆ. ಉಟ್ಟ ಬಟ್ಟೆಯಲ್ಲಿ ಓಡಿಬಂದವನ ಹತ್ತಿರ ಚುಚ್ಚುಮದ್ದಿನ ಚೀಟಿಯನ್ನು ಕೇಳುವುದು ಕ್ರೌರ್ಯವಲ್ಲವೇ? ಮನೆಯ ಬಾಗಿಲಿಗೆ ಬಂದ ಮೇಲೆ ಹೊಸ್ತಿಲಲ್ಲಿ ನಿಲ್ಲಿಸುವುದು ಯಾವ ಧರ್ಮ? ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮಕ್ಕೆಂದೇ ಒಂದು ಭಾಗವಿರುವಾಗ, ಬರಗಾಲದಲ್ಲಿ ವಿಶ್ವಾಮಿತ್ರನಂತಹವನೇ ನಾಯಿಯ ಮಾಂಸಕ್ಕೆ ಕೈಯೊಡ್ಡಿದ ಕಥೆಯಿರುವಾಗ, ಈ ಬಡಜನರಿಗೆ ನಿಯಮವನ್ನು ಸಡಿಲಿಸಬಾರದೇ?

ಇದಕ್ಕೆ ಉತ್ತರವನ್ನು ಛಾಂದೋಗ್ಯೋಪನಿಷತ್ತಿನ ಉಷಸ್ತಿಯ ಕಥೆಯಲ್ಲಿ ಹುಡುಕಬಹುದು. ಕುರುದೇಶದ ಬೆಳೆ ಹಾಳಾಗಿ ಕ್ಷಾಮ ಬಂದಿತ್ತು. ಹಸಿದು ಸಾಯುವ ಸ್ಥಿತಿಯಲ್ಲಿದ್ದ ಉಷಸ್ತಿ ಚಾಕ್ರಾಯಣನು ಆನೆಯವನೊಬ್ಬನು ತಿನ್ನುತ್ತಿದ್ದ ಕಾಳನ್ನು ಬೇಡಿದನು. ಅದು ಎಂಜಲೆಂದು ಅರಿತೂ ತಿಂದನು. ಆನೆಯವನು ಕುಡಿಯುವ ನೀರನ್ನೂ ಕೊಡಹೋದಾಗ, ಅದು ಎಂಜಲು, ತನಗೆ ಬೇಡವೆಂದನು. ಕಾಳು ಎಂಜಲಾಗಿರಲಿಲ್ಲವೇ ಎಂದು ಅವನು ಕೇಳಲು, ಕಾಳನ್ನು ತಿನ್ನದಿದ್ದರೆ ತಾನು ಬದುಕುತ್ತಿರಲಿಲ್ಲ, ನೀರಾದರೋ ತನಗೆ ಬೇಕಾದಲ್ಲಿ ಸಿಕ್ಕೀತು ಎಂದು ಉಷಸ್ತಿ ಉತ್ತರವಿತ್ತನು.

ಆಪದ್ಧರ್ಮದ ಎಲ್ಲೆಯು ಈ ಕಥೆಯಲ್ಲಿ ಸ್ಪಷ್ಟವಾಗಿದೆ. ಆಪತ್ತು ಎಷ್ಟರವರೆಗೆ ಇದೆಯೋ ಅಷ್ಟರವರೆಗೆ ಮಾತ್ರ ವಿನಾಯಿತಿ. ಯುದ್ಧಭೂಮಿಯಿಂದ ಹಡಗು ಹತ್ತುವಾಗ, ಜೆಡ್ಡಾದಲ್ಲಿ ವಿಮಾನ ಏರುವಾಗ ಪತ್ರವನ್ನು ಕೇಳಿ ಯಾರನ್ನಾದರೂ ಹಿಂದೆ ಬಿಟ್ಟಿದ್ದರೆ ಅದು ಅಧರ್ಮವಾಗುತ್ತಿತ್ತು. ಅದು ಉಷಸ್ತಿಯ ಕಾಳು. ಪ್ರಾಣ ಉಳಿಯಬೇಕಾದದ್ದು ಅದರಿಂದ. ಆದರೆ ದೇವನಹಳ್ಳಿಯ ನೆಲವನ್ನು ಮುಟ್ಟಿದ ಮೇಲೆ ಪ್ರಾಣಭಯವು ಕಳೆಯಿತು. ಅಲ್ಲಿಂದ ಊರೊಳಕ್ಕೆ ಕೂಡಲೇ ಹೋಗುವುದು ಉಷಸ್ತಿಯ ನೀರಿನಂತೆ, ನಾಲ್ಕು ದಿನ ತಡೆದರೂ ಸಿಕ್ಕುವಂತಹುದು. ಮತ್ತೊಂದು ಭೇದವೂ ಉಂಟು. ವಿಶ್ವಾಮಿತ್ರನಾಗಲಿ ಉಷಸ್ತಿಯಾಗಲಿ ಮೀರಿದುದು ತಮ್ಮ ಶುದ್ಧಿಯನ್ನು ಕಾಯುವ ನಿಯಮವನ್ನು. ಅದನ್ನು ಮೀರಿದುದರ ಫಲವನ್ನು ಉಣ್ಣುವವರು ತಾವೇ. ಹಳದಿ ಪತ್ರದ ನಿಯಮವು ಕಾಯುವುದು ಪರರ ಪ್ರಾಣವನ್ನು. ತನ್ನ ಮಡಿಯನ್ನು ತಾನು ಬಿಟ್ಟುಕೊಡಬಹುದು. ಯಶವಂತಪುರದ ಯಾವುದೋ ಓಣಿಯಲ್ಲಿ ತೊಟ್ಟಿಲಲ್ಲಿ ಮಲಗಿರುವ ಕೂಸಿನ ಕ್ಷೇಮವನ್ನು ಆ ಕೂಸಿನ ಪರವಾಗಿ ಬಿಟ್ಟುಕೊಡಲು ಯಾರಿಗೆ ಅಧಿಕಾರವುಂಟು? ಆದುದರಿಂದ ಆ ತಡೆಯು ನ್ಯಾಯವೇ ಆಗಿತ್ತೆಂದು ಹೇಳಬೇಕಾಗುತ್ತದೆ.

ಇಲ್ಲಿಗೆ ವಿಚಾರವನ್ನು ಮುಗಿಸುವವನು ಅರ್ಧವನ್ನೇ ಹೇಳಿದಂತಾಯಿತು. ಪತ್ರವಿಲ್ಲದೆ ತಡೆಯಲ್ಪಟ್ಟವನು ಅಪರಾಧಿಯಲ್ಲ. ಊರಿನ ಲಕ್ಷಾಂತರ ಜನರ ಕ್ಷೇಮಕ್ಕಾಗಿ ತನ್ನ ಆರು ದಿನಗಳನ್ನು ತೆತ್ತವನು ಅವನು. ಹಾಗಾದ ಮೇಲೆ ಊರು ಅವನಿಗೆ ಸಾಲಗಾರನಾಯಿತು. ಅವನಿಗೆ ಒಳ್ಳೆಯ ಊಟ, ಶುಚಿಯಾದ ಹಾಸಿಗೆ, ಸೊಳ್ಳೆಯ ಪರದೆ, ಅವನ ಭಾಷೆಯಲ್ಲಿ ಕಾರಣವನ್ನು ತಿಳಿಸಿ ಹೇಳುವ ಒಬ್ಬ ಮನುಷ್ಯ, ಮನೆಯವರಿಗೆ ಸುದ್ದಿ ಮುಟ್ಟಿಸುವ ಅನುಕೂಲ, ಬಿಟ್ಟುಕೊಡುವ ದಿನದ ಖಚಿತವಾದ ಮಾತು, ಇಷ್ಟೂ ದಯೆಯಿಂದ ಕೊಡುವ ದಾನವಲ್ಲ, ತೀರಿಸಬೇಕಾದ ಋಣ. ಎಣ್ಣೆ ಮಾರುವ ಬಡವನಿಗೂ ಕಂಪೆನಿಯ ಯಜಮಾನನಿಗೂ ಈ ಋಣವು ಒಂದೇ. ಪತ್ರವನ್ನು ಕೇಳುವ ಅಧಿಕಾರವು ಈ ಋಣವನ್ನು ಒಪ್ಪಿಕೊಂಡವನಿಗೆ ಮಾತ್ರ ಸಲ್ಲತಕ್ಕದ್ದು.

ಇದನ್ನು ಮರೆತಾಗ ಏನಾಗುತ್ತದೆಂಬುದನ್ನು ಪ್ಲೇಗಿನ ಕಾಲವು ತೋರಿಸಿಕೊಟ್ಟಿದೆ. 1896ರಲ್ಲಿ ಮುಂಬಯಿಗೆ ಬಂದ ಆ ಮಾರಿಯು 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. 1897ರ ಸಾಂಕ್ರಾಮಿಕ ರೋಗಗಳ ಶಾಸನವು ಅಧಿಕಾರಿಗಳಿಗೆ ಅಪಾರವಾದ ಬಲವನ್ನು ಕೊಟ್ಟಿತ್ತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುತ್ತಿದ್ದರು. ರೋಗದ ಊರಿನಿಂದ ಬಂದವನು ಪ್ಲೇಗಿನ ರಹದಾರಿಯನ್ನು ಹಿಡಿದು ಕೆಲವು ದಿನಗಳು ಅಧಿಕಾರಿಗೆ ಮುಖ ತೋರಿಸಬೇಕಾದ ಕ್ರಮವು ದಕ್ಷಿಣದೇಶದಲ್ಲಿತ್ತು. ಪುಣೆಯಲ್ಲಿ ಸಿಪಾಯಿಗಳು ಮನೆಗಳ ಒಳಕೋಣೆಗಳಿಗೂ ನುಗ್ಗಿದರು. ಆ ರೋಷದಲ್ಲಿ ಪ್ಲೇಗ್ ಅಧಿಕಾರಿಯಾದ ರ್‍ಯಾಂಡ್ ಎಂಬವನು 1897ರ ಜೂನ್ 22ರಂದು ಗುಂಡಿಗೆ ಗುರಿಯಾದನು. ಮರ್ಯಾದೆಯಿಲ್ಲದೆ ಕೇಳಿದಲ್ಲೆಲ್ಲ ಜನರು ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನು ಮರೆಮಾಚಿದರು. ಬಚ್ಚಿಟ್ಟ ರೋಗವು ಇಮ್ಮಡಿಯಾಗಿ ಹರಡಿತು. ನಿಯಮವು ಸರಿಯಾಗಿದ್ದರೂ ಅದನ್ನು ನಡೆಸಿದ ರೀತಿಯೇ ಅದನ್ನು ಕೆಡಿಸಿತು.

ದಾರಿಗನ ಕಡೆಯಿಂದಲೂ ಒಂದು ಮಾತು ಉಳಿದಿದೆ. ಚುಚ್ಚುಮದ್ದನ್ನು ಹಾಕಿಸಿಕೊಳ್ಳದೆ ಹಣಕೊಟ್ಟು ಸುಳ್ಳು ಪತ್ರವನ್ನು ಬರೆಸಿಕೊಳ್ಳುವವರು ಲೋಕದಲ್ಲಿ ಇಲ್ಲದಿಲ್ಲ. ಹೊರಡುವುದಕ್ಕೆ ಹತ್ತು ದಿನ ಮುಂಚೆ ನೆನಪಾಗಲಿಲ್ಲವೆಂದು ಹಿಂದಿನ ತಾರೀಖನ್ನು ಹಾಕಿಸುವವರೂ ಉಂಟು. ಓದು ಬಲ್ಲ ಮನೆಗಳಲ್ಲಿಯೇ ಇದನ್ನು ಚಾತುರ್ಯವೆಂದು ನಗುತ್ತ ಹೇಳಿಕೊಳ್ಳುವುದುಂಟು. ಪತ್ರವಿಲ್ಲದೆ ಬಂದ ಹಕ್ಕಿಪಿಕ್ಕಿಯವನು ಪತ್ರವಿಲ್ಲವೆಂದು ನಿಜವನ್ನು ಹೇಳಿ ದಿನಗಳನ್ನು ತೆತ್ತನು. ಸುಳ್ಳು ಪತ್ರದವನು ನಗುತ್ತ ಮನೆಗೆ ಹೋದನು. ಇಬ್ಬರಲ್ಲಿ ಊರಿಗೆ ಅಪಾಯವನ್ನು ತಂದವನು ಯಾರೆಂಬುದನ್ನು ಹೇಳಬೇಕಾಗಿಲ್ಲ.

ಕೊನೆಯದಾಗಿ, ಮನೆಯಲ್ಲಿಯೇ ಇರುವವರ ಪಾಲು. ದೂರದೇಶದಿಂದ ಬಂದವನಲ್ಲಿ ಪತ್ರವನ್ನು ಕೇಳಬೇಕಾಗಿ ಬಂದಿರುವುದು ನಮ್ಮಲ್ಲಿ ಆ ಸೊಳ್ಳೆ ಇರುವುದರಿಂದ. ಅದು ಹೆಬ್ಬಾಳದ ಕೆರೆಯಲ್ಲಿ ಹುಟ್ಟುವುದಲ್ಲ. ಮಹಡಿಯ ಮೇಲಿನ ಮುಚ್ಚದ ತೊಟ್ಟಿಯಲ್ಲಿ, ಹಿತ್ತಲಿನ ತೆಂಗಿನ ಚಿಪ್ಪಿನಲ್ಲಿ, ಹೂಕುಂಡದ ತಟ್ಟೆಯಲ್ಲಿ, ಹಳೆಯ ಟೈರಿನಲ್ಲಿ ನಿಂತ ತಿಳಿನೀರಿನಲ್ಲಿ ಹುಟ್ಟುವುದು. ಸೂಡಾನಿನಿಂದ ಬಂದವನು ಊರಿಗಾಗಿ ಆರು ದಿನಗಳನ್ನು ಕೊಡಬೇಕೆಂದು ಹೇಳುವ ಗೃಹಸ್ಥನು, ವಾರಕ್ಕೊಮ್ಮೆ ಆ ನೀರನ್ನು ಚೆಲ್ಲುವುದಕ್ಕೆ ಅರ್ಧ ಗಂಟೆಯನ್ನು ಕೊಡಬೇಕಷ್ಟೆ. ಆ ಅರ್ಧ ಗಂಟೆಗೆ ಯಾವ ಪತ್ರವೂ ಇಲ್ಲ, ಯಾವ ಅಧಿಕಾರಿಯೂ ಕೇಳುವುದಿಲ್ಲ. ಕೇಳುವವರಿಲ್ಲದಲ್ಲಿಯೂ ತನ್ನ ಪಾಲನ್ನು ಸಲ್ಲಿಸುವವನಿಗೆ, ಪರರ ಪತ್ರವನ್ನು ಕೇಳುವ ಊರಿನಲ್ಲಿ ತಾನೂ ಒಬ್ಬನೆಂದು ನಿಸ್ಸಂಕೋಚವಾಗಿ ಹೇಳಿಕೊಳ್ಳುವ ಹಕ್ಕು ಬರುತ್ತದೆ.